‘ಎಡಕ್ಕೆ ಹೋಗು’ ಅಂತಾರೆ, ಎಡಗಡೆ ರಸ್ತೆ ಎಲ್ಲಿದೆ?

ಸಾಲಗಾಮೆ ರಸ್ತೆ ಅಪ್ಪ (ಗುರುವಾರ ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲೇ ಹುಟ್ಟಿ ಬೆಳೆದವನು ನಾನು. ಮೊನ್ನೆ ಮಂಗಳವಾರ ಬೆಳಗ್ಗೆ ನನ್ನ ಮಗಳು ಸ್ಕೂಲಿಗೆ ಹೋಗುವಾಗ ಸೈಕಲ್‌ನಿಂದ ಬಿದ್ದಳು. ಒಂಬತ್ತನೇ ಕ್ಲಾಸು. ಮೊಣಕೈ ತರಚಿದೆ, ಮಂಡಿಗೆ ಮೂರು ಹೊಲಿಗೆ ಬಿದ್ದಿದೆ. ಅಷ್ಟಕ್ಕೇ ಮುಗಿಯಿತಲ್ಲ ಅಂತ ದೇವರಿಗೆ ಕೈ ಮುಗಿದೆ.

ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಇದು ಆಗಿದ್ದು. ಹಿಂದೆ ಕಾರು ಬಂತು, ಒಂದೇ ಸಮನೆ ಹಾರ್ನ್ ಹೊಡೆದರು. ಇವಳು ಗಾಬರಿಯಾಗಿ ಎಡಕ್ಕೆ ಸರಿದಳು. ಅಲ್ಲಿ ಡಾಂಬರು ಮುಗಿದು ಮಣ್ಣು ಕೆಳಗಿದೆ. ಮುಂದಿನ ಚಕ್ರ ಇಳಿಯಿತು. ವಾಪಸ್ ಮೇಲೆ ಹತ್ತಿಸಲು ನೋಡಿದಾಗ ಚಕ್ರ ಅಂಚಿಗೆ ಉಜ್ಜಿಕೊಂಡು ಹೋಯಿತೇ ಹೊರತು ಹತ್ತಲಿಲ್ಲ. ಬಿದ್ದಿದ್ದು ರಸ್ತೆ ಕಡೆಗೇ. ಹಿಂದೆ ಇನ್ನೊಂದು ಗಾಡಿ ಬಂದಿದ್ದರೆ ಏನಾಗುತ್ತಿತ್ತು ಅಂತ ಎರಡು ರಾತ್ರಿ ನಿದ್ದೆ ಬಂದಿಲ್ಲ.

ಕಾರಿನವರು ಒಳ್ಳೆಯವರು. ನಿಲ್ಲಿಸಿದರು, ನೀರು ಕೊಟ್ಟರು. ‘ಎಡಕ್ಕೆ ಹೋಗಬೇಕಿತ್ತು ಮಗಳೇ’ ಅಂದರಂತೆ. ಇವಳು ‘ಎಡಕ್ಕೇ ಹೋದೆ ಅಂಕಲ್, ಅದಕ್ಕೇ ಬಿದ್ದೆ’ ಅಂದಳಂತೆ.

ಸಂಜೆ ನಾನೇ ಹೋಗಿ ನೋಡಿದೆ. ಡಾಂಬರಿಗೂ ಪಕ್ಕದ ಮಣ್ಣಿಗೂ ಕೆಲವು ಕಡೆ ನಾಲ್ಕು ಬೆರಳು ವ್ಯತ್ಯಾಸ, ಒಂದು ಕಡೆ ಗೇಣುದ್ದ. ಅದರ ಮೇಲೆ ಜಲ್ಲಿ, ಒಡೆದ ಬಾಟಲಿ, ನಿಲ್ಲಿಸಿದ ಬೈಕು. ಮಕ್ಕಳು ಎಲ್ಲಿ ಹೋಗಬೇಕು? ಸೈಕಲ್ ಓಡಿಸುವವರು, ಕಾರು ಓಡಿಸುವವರು, ರಸ್ತೆ ಕೆಲಸ ಗೊತ್ತಿರುವವರು ಎಲ್ಲರೂ ಹೇಳಿ. ಜಗಳಕ್ಕೆ ಬರೆದಿಲ್ಲ. ಸೋಮವಾರದಿಂದ ಅವಳು ಮತ್ತೆ ಸೈಕಲ್ ಹತ್ತುತ್ತೇನೆ ಅನ್ನುತ್ತಿದ್ದಾಳೆ.

ವಿದ್ಯಾನಗರ ಕಾರು (ಗುರುವಾರ ರಾತ್ರಿ 9:48)

ಮಗುಗೆ ಬೇಗ ವಾಸಿಯಾಗಲಿ ಸರ್. ನಾನು ದಿನಾ ಕಾರು ಓಡಿಸುವವನು. ನನ್ನ ಕಡೆಯ ಮಾತನ್ನೂ ಕೇಳಿ. ಟ್ಯೂಷನ್ ಬಿಟ್ಟ ಹೊತ್ತಿಗೆ ಮೂರು ಮೂರು ಜನ ಸಾಲಾಗಿ ಮಾತಾಡಿಕೊಂಡು ಹೋಗುತ್ತಾರೆ. ಕೈ ತೋರಿಸದೆ ಬಲಕ್ಕೆ ತಿರುಗುತ್ತಾರೆ. ಬೆಲ್ಲೂ ಇಲ್ಲ, ಬ್ರೇಕೂ ಇಲ್ಲ. ಕತ್ತಲಲ್ಲಿ ಕಾಣಿಸುವುದೇ ಇಲ್ಲ. ಸುಮ್ನೆ ಹೋಗುತ್ತಿರುವ ಸೈಕಲ್ ಇದ್ದಕ್ಕಿದ್ದಂತೆ ಎರಡಡಿ ಒಳಗೆ ಬಂದರೆ ನಾನೇನು ಮಾಡಲಿ? ಹಾರ್ನ್ ಹೊಡೆಯದೆ ಬೇರೆ ದಾರಿ ಇಲ್ಲ. ರೋಡ್ ಟ್ಯಾಕ್ಸ್, ವಿಮೆ ಎಲ್ಲ ಕಟ್ಟುವವರು ನಾವು, ತಪ್ಪು ಮಾತ್ರ ಯಾವಾಗಲೂ ನಮ್ಮದೇ ಆಗುತ್ತದೆ.

ಕಾನೂನು ಓದುವ ಹುಡುಗಿ (ಗುರುವಾರ ರಾತ್ರಿ 10:30)

ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ ಸರ್. ಮಕ್ಕಳಿಗೆ ಕೈ ತೋರಿಸುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅದು ನಿಜ. ಆದರೆ ತೆರಿಗೆ ಮಾತು ಸರಿಯಲ್ಲ. ಊರೊಳಗಿನ ರಸ್ತೆಗೆ ಮನೆ ಕಂದಾಯದ ದುಡ್ಡೂ ಹೋಗುತ್ತದೆ. ಅದನ್ನು ಎಲ್ಲರೂ ಕಟ್ಟುತ್ತೇವೆ. ಸೈಕಲ್‌ಗೆ ಲೈಸೆನ್ಸ್, ನೋಂದಣಿ, ವಿಮೆ ಬೇಡ, ಯಾಕೆಂದರೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದು ‘ಮೋಟಾರು ವಾಹನ’ ಅಲ್ಲ. ಹಾಗಂತ ರಸ್ತೆಯ ಮೇಲೆ ಅದಕ್ಕೆ ಹಕ್ಕಿಲ್ಲ ಅಂತ ಎಲ್ಲೂ ಇಲ್ಲ.

ಹೊಣೆಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಅಡ್ಡಾದಿಡ್ಡಿ ಓಡಿಸುವವರಿಗೆ ಇರುವುದು. ಮೊದಲು ಐಪಿಸಿ 279 ಅಂತ ಇತ್ತಲ್ಲ, ಅದೇ. ಅದರಲ್ಲಿ ‘ಯಾವುದೇ ವಾಹನ’ ಅಂತ ಇದೆ, ಮೋಟಾರು ಅಂತ ಇಲ್ಲ. ಸೈಕಲ್‌ನವರಿಗೂ ಅದು ಅನ್ವಯಿಸುತ್ತದೆ. ಮೋಟಾರು ಗಾಡಿಯವರಿಗೆ ಅದರ ಜೊತೆ ಮೋಟಾರು ಕಾಯ್ದೆಯ 184ನೇ ಕಲಂ ಇದೆ. 2019ರ ತಿದ್ದುಪಡಿ ಆದಮೇಲೆ ನಿಯಮ ಮೀರಿ ಓವರ್‌ಟೇಕ್ ಮಾಡುವುದು, ಫೋನ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ಬರುವುದು ಅದರಲ್ಲಿ ಸೇರಿವೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಜೈಲು, ಇಲ್ಲವೇ ಎರಡೂ.

ಇನ್ನೊಂದು ಮುಖ್ಯ ವಿಷಯ. ಗುದ್ದಿ ಓಡಿಹೋದ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೂ ಪರಿಹಾರ ಇದೆ. 2022ರ ಏಪ್ರಿಲ್‌ನಿಂದ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅಪಘಾತ ಆದ ಜಾಗದ ಕಂದಾಯ ಅಧಿಕಾರಿಗೆ ಅರ್ಜಿ ಹಾಕಬೇಕು. ಹಳ್ಳಿ ಕಡೆ ಸೈಕಲ್‌ನಲ್ಲಿ ಹೋಗುವ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ದಯವಿಟ್ಟು ಹೇಳಿ.

ಹತ್ತು ಚಕ್ರ (ಶುಕ್ರವಾರ ಬೆಳಗ್ಗೆ 5:20)

ನಾನು ಲಾರಿ ಓಡಿಸುವವನು. ಇಪ್ಪತ್ತೆರಡು ವರ್ಷ ಆಯಿತು, ಬೆಂಗಳೂರು ಮಂಗಳೂರು ಲೈನು. ಹಾಸನ, ಸಕಲೇಶಪುರ, ಶಿರಾಡಿ ಎಲ್ಲ ನನಗೆ ಮನೆ ಅಂಗಳ ಇದ್ದಂಗೆ.

ಅಪ್ಪಾಜಿ, ನಿಮ್ಮ ಮಗಳು ಹೇಳಿದ ಮಾತು ಓದಿ ಮನಸ್ಸಿಗೆ ಬೇಜಾರಾಯಿತು. ನಮ್ಮ ಸೀಟಿನಿಂದ ರಸ್ತೆ ಅಂಚು ಹೇಗಿದೆ ಅಂತ ಕಾಣಿಸಲ್ಲ. ಸೈಕಲ್ ಬಲಕ್ಕೆ ಬಂದಿದ್ದು ಮಾತ್ರ ಕಾಣುತ್ತದೆ. ಯಾಕೆ ಬಂತು ಅನ್ನುವುದು ಕಾಣಲ್ಲ. ಗುಂಡಿ ಇತ್ತೋ, ಚರಂಡಿ ಜಾಲರಿ ಇತ್ತೋ, ನಾಯಿ ಮಲಗಿತ್ತೋ. ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟೇ, ಮುಂದೆ ಸೈಕಲ್ ಕಂಡರೆ ಅದು ಒಳಗೆ ಬಂದೇ ಬರುತ್ತದೆ ಅಂತ ತಿಳಿದು ಓಡಿಸು.

ಹಾರ್ನ್ ವಿಷಯ. ದೂರದಿಂದ ಒಂದು ಸಲ ಮೆಲ್ಲಗೆ ಹೊಡೆದರೆ ಅದು ‘ಬರ್ತಿದ್ದೀನಪ್ಪಾ’ ಅಂತ ಹೇಳಿದ ಹಾಗೆ. ಬೆನ್ನ ಹಿಂದೆ ಬಂದು ಏರ್ ಹಾರ್ನ್ ಹೊಡೆದರೆ ದೊಡ್ಡವರ ಕೈಯೇ ನಡುಗುತ್ತದೆ, ಮಕ್ಕಳ ಗತಿ ಏನು? ಎದುರಿಗೆ ಗಾಡಿ ಬರುತ್ತಿದ್ದರೆ ಸೈಕಲ್ ಹಿಂದೆ ಅರ್ಧ ನಿಮಿಷ ಕಾಯಬೇಕು, ಅಷ್ಟೇ. ದೊಡ್ಡ ಗಾಡಿ ಹತ್ತಿರದಲ್ಲಿ ಸರ್ರನೆ ಹೋದರೆ ಗಾಳಿ ಮೊದಲು ಆಚೆ ನೂಕುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಹಿಂದಿನ ಚಕ್ರ ಬರುವ ಹೊತ್ತಿಗೆ ಈ ಎಳೆತ. ಇದು ಕಾರಿನವರಿಗೆ ಗೊತ್ತಾಗಲ್ಲ, ನಮಗೆ ಗೊತ್ತು.

ಸೈಕಲ್‌ನವರಿಗೂ ಒಂದು ಮಾತು. ಲಾರಿಯ ಎಡಗಡೆ ಮುಂದಿನ ಬಾಗಿಲ ಪಕ್ಕ ನಿಂತರೆ ನೀವು ನಮಗೆ ಕಾಣಲ್ಲ. ಎನ್.ಆರ್. ಸರ್ಕಲ್‌ನಲ್ಲಿ ಗಾಡಿ ನಿಂತಾಗ ಎಡಗಡೆ ಸಂದಿಯಲ್ಲಿ ನುಗ್ಗಿ ಬರುತ್ತಾರೆ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರಲ್ಲ, ಇನ್ನೂ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಸಂದಿಯಲ್ಲಿ ಇದ್ದವರಿಗೆ ಜಾಗವೇ ಉಳಿಯಲ್ಲ. ಹಿಂದೆಯೇ ನಿಲ್ಲಿ ಮಕ್ಕಳೇ, ಕೈ ಮುಗಿಯುತ್ತೇನೆ. ಲಾರಿ ಕನ್ನಡಿಯಲ್ಲಿ ನನ್ನ ಮುಖ ನಿಮಗೆ ಕಂಡರೆ, ನಿಮ್ಮ ಮುಖ ನನಗೆ ಕಾಣುತ್ತದೆ. ಕನ್ನಡಿಯಲ್ಲಿ ನನ್ನ ಮುಖ ಕಾಣಲಿಲ್ಲ ಅಂದರೆ ನೀವೂ ನನಗೆ ಕಾಣಲ್ಲ.

ರಾತ್ರಿಗೆ ರೇಡಿಯಂ ಸ್ಟಿಕ್ಕರ್ ಹಚ್ಚಿ. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು, ಪೆಡಲ್‌ಗೆ ಹಳದಿ. ಪೆಡಲ್ ಮೇಲೆ ಕೆಳಗೆ ಆಡುತ್ತದಲ್ಲ, ಅದು ಮಿಂಚಿದ ತಕ್ಷಣ ಮುಂದೆ ಇರುವುದು ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಸಾಲಗಾಮೆ ರಸ್ತೆ ಅಪ್ಪ (ಶುಕ್ರವಾರ ಬೆಳಗ್ಗೆ 7:05)

ಅಣ್ಣ, ಕನ್ನಡಿ ಮಾತನ್ನು ಮಗಳಿಗೆ ಓದಿ ಹೇಳಿದೆ. ಎರಡು ಸಲ ಕೇಳಿಸಿಕೊಂಡಳು. ರೇಡಿಯಂ ಇವತ್ತೇ ಹಚ್ಚಿಸುತ್ತೇನೆ.

ಅಂಚು ಯಾಕೆ ಹೀಗಾಗುತ್ತದೆ ಅಂತ ಗೊತ್ತಿರುವವರು ಯಾರಾದರೂ ಇದ್ದೀರಾ? ಎರಡು ವರ್ಷದ ಹಿಂದೆ ಈ ರಸ್ತೆಗೆ ಹೊಸ ಡಾಂಬರು ಹಾಕಿದ್ದರು. ಆಗ ನಮಗೆಲ್ಲ ಖುಷಿಯಾಗಿತ್ತು.

ಜಲ್ಲಿ ಡಾಂಬರು (ಶುಕ್ರವಾರ ಮಧ್ಯಾಹ್ನ 1:40)

ನಾನು ರಸ್ತೆ ಕೆಲಸದಲ್ಲಿ ಸೈಟ್ ಎಂಜಿನಿಯರ್. ಹಾಸನ, ಅರಕಲಗೂಡು ಕಡೆ ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಸರ್. ಆ ಹೊಸ ಡಾಂಬರೇ ಅಂಚನ್ನು ಎತ್ತರ ಮಾಡಿದ್ದು.

ಹಳೇ ರಸ್ತೆಯ ಮೇಲೆ ಪ್ರತಿ ಸಲ ಒಂದೊಂದು ಪದರ ಹಾಕುತ್ತಾರೆ. ಒಂದು ಪದರ ಅಂದರೆ ಎರಡು, ಮೂರು, ನಾಲ್ಕು ಸೆಂಟಿಮೀಟರ್. ರಸ್ತೆ ಮೇಲೇರುತ್ತದೆ, ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ. ಆ ಪಕ್ಕದ ಜಾಗಕ್ಕೆ ನಾವು ಶೋಲ್ಡರ್ ಅನ್ನುತ್ತೇವೆ. ಅಲ್ಲಿಗೆ ಗ್ರಾವೆಲ್ ತುಂಬಿ, ನೀರು ಹಾಕಿ, ರೋಲರ್ ಹೊಡೆದು ಡಾಂಬರಿನ ಮಟ್ಟಕ್ಕೆ ತರಬೇಕು. ಈ ಕೆಲಸ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಮಿಷನ್ ಇನ್ನೊಂದು ಸೈಟಿಗೆ ಹೋಗಿರುತ್ತದೆ, ಮಳೆ ಶುರುವಾಗಿರುತ್ತದೆ. ಮೇಲೆ ಕಪ್ಪಗೆ ಹೊಳೆಯುವ ರಸ್ತೆ ಕಂಡ ಮೇಲೆ ಅಂಚನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿದ್ದು ನನಗೆ ನಿಜವಾಗಿ ಸಮಾಧಾನ ಕೊಟ್ಟಿತು.

ಮಣ್ಣು ಕೆಳಗಿದ್ದರೆ ಮಳೆ ನೀರು ಅಲ್ಲೇ ನಿಲ್ಲುತ್ತದೆ. ಡಾಂಬರಿಗೆ ನೀರು ದೊಡ್ಡ ಶತ್ರು. ಕೆಳಗಿನ ಜಲ್ಲಿ ಸಡಿಲವಾಗುತ್ತದೆ, ಮೇಲೆ ಒಂದು ಬಸ್ಸಿನ ಚಕ್ರ ಹೋದರೆ ಅಂಚು ಬಿಸ್ಕತ್ತಿನಂತೆ ಮುರಿಯುತ್ತದೆ. ವರ್ಷ ಕಳೆದ ಹಾಗೆ ರಸ್ತೆ ಒಳಗೊಳಗೆ ಸಣ್ಣಗಾಗುತ್ತದೆ. ಶೋಲ್ಡರ್ ಸರಿ ಮಾಡಿದರೆ ಸೈಕಲ್‌ಗೆ ಮಾತ್ರ ಅಲ್ಲ, ರಸ್ತೆಯ ಆಯುಸ್ಸಿಗೂ ಒಳ್ಳೆಯದು. ಊರೊಳಗಾದರೆ ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಚರಂಡಿ ಮುಚ್ಚಳ ಹಳ್ಳಕ್ಕೆ ಬೀಳುತ್ತದೆ, ಮನೆಗಳಿಗೆ ನೀರು ನುಗ್ಗುತ್ತದೆ.

ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳು ಇನ್ನೂ ಇವೆ. ಚರಂಡಿ ಜಾಲರಿಯ ಸರಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಒಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನೇ ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಮುಗಿಯಿತು, ವೆಲ್ಡಿಂಗ್‌ನವರಿಗೆ ಅರ್ಧ ದಿನದ ಕೆಲಸ. ಸರ್ಕಲ್ ಹತ್ತಿರ ದಪ್ಪ ಬಿಳಿ ಪಟ್ಟಿ ಹಾಕುತ್ತಾರಲ್ಲ, ಗಡಗಡ ಅನ್ನುತ್ತದೆ, ರಂಬಲ್ ಸ್ಟ್ರಿಪ್. ಅದನ್ನು ಅಂಚಿನವರೆಗೂ ಎಳೆಯಬಾರದು. ಒಂದು ಹ್ಯಾಂಡಲ್ ಅಗಲ ಬಿಟ್ಟರೆ ಸೈಕಲ್‌ನವರು ಅಲ್ಲಿ ಹೋಗುತ್ತಾರೆ. ಈಗ ಅವರು ಆ ಗಡಗಡ ತಪ್ಪಿಸಲು ಮಣ್ಣಿಗೆ ಇಳಿಯುತ್ತಾರೆ. ಹಂಪ್ ಕೂಡ ಹಾಗೇ. ರಸ್ತೆ ಹೇಗೆ ಕಟ್ಟಬೇಕು ಅಂತ ಮಾನದಂಡ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಏರಿ ಇಳಿಯಬೇಕು. ನಮ್ಮ ಬೀದಿಗಳಲ್ಲಿ ಜನ ತಾವೇ ಹಾಕಿಕೊಳ್ಳುವುದು ಗೋಡೆಯಂಥ ದಿಬ್ಬ.

ಸೈಕಲ್ ಪಥ ಹೇಗಿರಬೇಕು ಅಂತ ಅದೇ ಸಂಸ್ಥೆ 1962ರಲ್ಲೇ ಪುಸ್ತಕ ಮಾಡಿದೆ, 2015ರಲ್ಲಿ ಅದನ್ನು ಮತ್ತೆ ತಿದ್ದಿ ತಂದಿದೆ. ಹೇಗೆ ಕಟ್ಟಬೇಕು ಅಂತ ನಮ್ಮವರಿಗೆ ಗೊತ್ತು. ಅಂದಾಜು ಪಟ್ಟಿಯಲ್ಲಿ ಅದನ್ನು ಸೇರಿಸಿ ಅಂತ ಕೇಳುವ ಜನ ಬೇಕು.

ಕಾನೂನು ಓದುವ ಹುಡುಗಿ (ಶುಕ್ರವಾರ ಮಧ್ಯಾಹ್ನ 2:15)

ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ನೋಡಿ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ನಿಗದಿತ ಮಟ್ಟದಲ್ಲಿ ಇಲ್ಲದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತವರಿಗೆ 1 ಲಕ್ಷದವರೆಗೆ ದಂಡ. ಅಷ್ಟು ದೂರ ಹೋಗುವುದೇ ಬೇಡ ಅಂತಲೇ ಈಗ ಅರ್ಜಿ ಕೊಡಬೇಕು.

ಶಾಂತಿಗ್ರಾಮ ಕಡೆಯವ (ಶುಕ್ರವಾರ ಸಂಜೆ 6:30)

ಊರೊಳಗಿನ ಮಾತಾಯಿತು. ನಮ್ಮ ಹೆದ್ದಾರಿ ಕಥೆಯನ್ನೂ ಸೇರಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥ ಆದಮೇಲೆ ಬೆಂಗಳೂರಿಗೆ ಹೋಗುವುದು ಸುಲಭ ಆಯಿತು, ಎದುರಿನ ತೋಟಕ್ಕೆ ಹೋಗುವುದು ಕಷ್ಟ ಆಯಿತು. ನಮ್ಮ ತಂದೆಗೆ ಅರವತ್ತೆಂಟು ವರ್ಷ. ಬೆಳಗ್ಗೆ ಸೈಕಲ್‌ಗೆ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹಾಲು ಹಾಕಲು ಹೋಗುತ್ತಾರೆ. ಡೈರಿ ಆಚೆ ಬದಿಗೆ. ರಸ್ತೆ ನಡುವಿನ ಮೀಡಿಯನ್‌ನಲ್ಲಿ ದಾಟಲು ಬಿಟ್ಟಿರುವ ಜಾಗ ದೂರ. ಸರಿಯಾದ ದಾರಿಯಲ್ಲಿ ಹೋದರೆ ಹೆಚ್ಚುಕಮ್ಮಿ ಮೂರು ಕಿಲೋಮೀಟರ್ ಸುತ್ತು. ಹಾಗಾಗಿ ಎದುರು ದಿಕ್ಕಿನಲ್ಲಿ ಅಂಚು ಹಿಡಿದು ಹೋಗುತ್ತಾರೆ. ತಪ್ಪು ಅಂತ ಅವರಿಗೂ ಗೊತ್ತು. ನಾನು ಬೈದಿದ್ದೇನೆ. ‘ಹಾಲು ಒಡೆಯುತ್ತೆ ಕಣೋ’ ಅನ್ನುತ್ತಾರೆ.

ಕಾರಿನಲ್ಲಿ ಹೋಗುವವರಿಗೆ ಅವರು ನಿಯಮ ಮುರಿದ ಮುದುಕ. ರಸ್ತೆ ಮಾಡುವಾಗ ಈ ಊರಿನವರು ದಿನಾ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದ್ದರೆ ಒಂದು ಅಂಡರ್‌ಪಾಸ್ ಸರಿಯಾದ ಜಾಗಕ್ಕೆ ಬರುತ್ತಿತ್ತು. ಸರ್ವಿಸ್ ರಸ್ತೆಯನ್ನಾದರೂ ಪೂರ್ತಿ ಜೋಡಿಸಬೇಕು.

ಕೆಂಪು ಮಣ್ಣು (ಶುಕ್ರವಾರ ರಾತ್ರಿ 8:00)

ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ರಸ್ತೆ ಮೇಲೆ ಹರಡುವವರಲ್ಲಿ ನಾವೂ ಇದ್ದೇವೆ. ಕಳೆದ ವರ್ಷ ನಮ್ಮ ಹುರುಳಿ ಸೊಪ್ಪಿನ ಮೇಲೆ ಒಬ್ಬ ಹುಡುಗ ಸೈಕಲ್ ಜಾರಿ ಬಿದ್ದ. ಚೈನಿಗೆ ಹುಲ್ಲು ಸುತ್ತಿಕೊಂಡಿತ್ತು. ಎತ್ತಿ ಕೂರಿಸಿದೆ, ಆದರೂ ಮನಸ್ಸಿಗೆ ಬಹಳ ಚುಚ್ಚಿತು. ಕಣ ಮಾಡಲು ಜಾಗ ಇಲ್ಲ, ಸಗಣಿ ಸಾರಿಸಲು ಜನ ಇಲ್ಲ, ಅದಕ್ಕೇ ರಸ್ತೆಗೆ ಬರುತ್ತೇವೆ. ಕೆಲವು ಪಂಚಾಯಿತಿಗಳಲ್ಲಿ ನರೇಗಾದಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿದ್ದಾರೆ. ನಮ್ಮೂರಿಗೂ ಒಂದು ಬೇಕು ಅಂತ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಅಲ್ಲಿಯತನಕ ರಸ್ತೆಯಲ್ಲಿ ಹರಡಲ್ಲ.

ಕಾಫಿನಾಡು ಪೆಡಲ್ (ಶುಕ್ರವಾರ ರಾತ್ರಿ 9:25)

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಕಷ್ಟ ಶನಿವಾರ ಭಾನುವಾರ ಜಾಸ್ತಿ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ರಸ್ತೆ ಸಣ್ಣದು, ತಿರುವು ಒಂದರ ಮೇಲೊಂದು. ಘಟ್ಟದಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ಹಳೇ ನಿಯಮ. ಬಯಲುಸೀಮೆಯಿಂದ ಬರುವ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ. ಸೈಕಲ್ ಹತ್ತುವುದು ನಡಿಗೆಗಿಂತ ಸ್ವಲ್ಪ ಜೋರು ಅಷ್ಟೇ. ಆ ವೇಗದಲ್ಲಿ ಹ್ಯಾಂಡಲ್ ನೆಟ್ಟಗೆ ನಿಲ್ಲುವುದಿಲ್ಲ, ಆ ಕಡೆ ಈ ಕಡೆ ಆಡುತ್ತದೆ. ಹಾಗಾಗಿ ಏರಿನಲ್ಲಿ ನಮಗೆ ಇನ್ನೂ ಜಾಸ್ತಿ ಜಾಗ ಬೇಕು.

ಎಷ್ಟು ಜಾಗ ಅಂತ ಕೆಲವು ದೇಶಗಳಲ್ಲಿ ಬರೆದೇ ಇಟ್ಟಿದ್ದಾರೆ. ಜರ್ಮನಿಯಲ್ಲಿ 2020ರಿಂದ ಸೈಕಲ್ ದಾಟುವಾಗ ಊರೊಳಗೆ ಕನಿಷ್ಠ ಒಂದೂವರೆ ಮೀಟರ್, ಊರಾಚೆ 2 ಮೀಟರ್ ಬಿಡಬೇಕು. ಒಂದೂವರೆ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಮೊಳ ಚಿಲ್ಲರೆ. ಕಾರಿನ ಬಾಗಿಲು ಪೂರ್ತಿ ತೆರೆದರೆ ಎಷ್ಟು ದೂರ ಬರುತ್ತದೋ, ಅದಕ್ಕಿಂತ ಸ್ವಲ್ಪ ಜಾಸ್ತಿ.

ಬಾಗಿಲು ಅಂದಾಗ ನೆನಪಾಯಿತು. ಐ.ಜಿ. ರಸ್ತೆಯಲ್ಲಿ ನಿಂತ ಕಾರಿನ ಬಾಗಿಲು ತೆರೆದು ನನ್ನ ಗೆಳೆಯನ ಕೊರಳೆಲುಬು ಮುರಿಯಿತು. ಡ್ರೈವರ್ ಸೀಟಿನಲ್ಲಿ ಕೂತವರು ಬಲಗಡೆ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಎಡಗೈ ಚಾಚಿದರೆ ಮೈ ತಾನಾಗೇ ಬಲಕ್ಕೆ ತಿರುಗುತ್ತದೆ, ಹಿಂದೆ ಬರುವವರು ಕಣ್ಣಿಗೆ ಬೀಳುತ್ತಾರೆ. ಸೈಕಲ್‌ನವರು ನಿಂತ ಕಾರುಗಳಿಂದ ಒಂದು ಬಾಗಿಲಷ್ಟು ದೂರ ಇರಬೇಕು. ನೋಡಿ, ಇಲ್ಲೂ ನಾವು ಬಲಕ್ಕೆ ಬರಲೇಬೇಕು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ರಿಂಗ್ ರೋಡ್ ಅಕ್ಕ (ಶುಕ್ರವಾರ ರಾತ್ರಿ 10:05)

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಶುರು ಮಾಡಿದರಲ್ಲ. ನಮ್ಮ ಹಾಸನಕ್ಕೂ ಅಂಥದ್ದೊಂದು ಬಂದರೆ ಸೈಕಲ್‌ನವರು ಜಾಸ್ತಿ ಆಗುತ್ತಾರೆ, ಆಗ ಗಾಡಿಯವರೂ ಹುಷಾರಾಗುತ್ತಾರೆ ಅಂತ ನನ್ನ ಅನಿಸಿಕೆ.

ಸಾಲಗಾಮೆ ರಸ್ತೆ ಅಪ್ಪ (ಶುಕ್ರವಾರ ರಾತ್ರಿ 10:20)

ಬರಲಿ ಅಕ್ಕ, ಬೇಡ ಅನ್ನಲ್ಲ. ಆದರೆ ನಮ್ಮಲ್ಲಿ ಸೈಕಲ್‌ಗೆ ಬರ ಇಲ್ಲ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ನನ್ನ ತಂಗಿ ಮಗಳು ಆ ಸೈಕಲ್‌ನಲ್ಲೇ ಹೈಸ್ಕೂಲು ಮುಗಿಸಿದಳು. ಹಳ್ಳಿ ರಸ್ತೆ ತುಂಬ ಹೆಣ್ಣುಮಕ್ಕಳ ಸೈಕಲ್ ಸಾಲು ಹೋಗುತ್ತಿತ್ತು, ನೋಡಲು ಎಷ್ಟು ಚೆನ್ನಾಗಿತ್ತು. ಆಗ ಸೈಕಲ್ ಕೊಟ್ಟರು, ರಸ್ತೆ ಕೊಡಲಿಲ್ಲ. ಈಗ ಅಪ್ಪ ಅಮ್ಮಂದಿರೇ ಹೆದರಿ ಸ್ಕೂಟರಿನಲ್ಲಿ ಬಿಡುತ್ತೇವೆ. ಆ ಸ್ಕೂಟರುಗಳೇ ಗೇಟಿನ ಮುಂದೆ ಜಾಮ್ ಆಗಿ, ಸೈಕಲ್‌ನಲ್ಲಿ ಬರುವ ನಾಲ್ಕು ಮಕ್ಕಳಿಗೂ ಜಾಗ ಇಲ್ಲದ ಹಾಗೆ ಆಗಿದೆ. ಅದರಲ್ಲಿ ನನ್ನ ಸ್ಕೂಟರೂ ಇತ್ತು.

ವಿದ್ಯಾನಗರ ಕಾರು (ಶನಿವಾರ ಬೆಳಗ್ಗೆ 8:15)

ನಿನ್ನೆ ಎಲ್ಲವನ್ನೂ ಓದಿದೆ. ಇವತ್ತು ಬೆಳಗ್ಗೆ ಬಿ.ಎಂ. ರಸ್ತೆಯಲ್ಲಿ ಬೇಕಂತಲೇ ನಿಧಾನವಾಗಿ ಹೋಗಿ ಎಡ ಅಂಚು ನೋಡಿಕೊಂಡು ಬಂದೆ. ಇಷ್ಟು ವರ್ಷ ಓಡಾಡಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಮರಳು ಗುಡ್ಡೆ, ಕಿತ್ತುಹೋದ ಸ್ಲ್ಯಾಬು, ಬಳಸದೆ ಬಿಟ್ಟ ಬ್ಯಾರಿಕೇಡು. ಒಬ್ಬ ಸೊಪ್ಪಿನವರು ಸೈಕಲ್ ತಳ್ಳಿಕೊಂಡು ಅದೆಲ್ಲ ಸುತ್ತಿ ಬರುತ್ತಿದ್ದರು. ಹಿಂದೆ ನಿಂತೆ, ಅವರು ದಾಟಿದ ಮೇಲೆ ಹೋದೆ.

ವೇಗದ ಲೆಕ್ಕವನ್ನೂ ಮಾಡಿದೆ. 60ರಲ್ಲಿ ಹೋದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೇವೆ. 30ರಲ್ಲಾದರೆ 8 ಮೀಟರ್ ಚಿಲ್ಲರೆ. ಸ್ಕೂಲ್ ಹೊತ್ತಿನಲ್ಲಿ ಒಳರಸ್ತೆಗಳಲ್ಲಿ 30 ದಾಟಬಾರದು ಅಂತ ಅರ್ಜಿಯಲ್ಲಿ ಸೇರಿಸಿ. ನಾನು ಸಹಿ ಹಾಕುತ್ತೇನೆ. ತೆರಿಗೆ ಮಾತು ವಾಪಸ್ ತೆಗೆದುಕೊಂಡಿದ್ದೇನೆ.

ಸಾಲಗಾಮೆ ರಸ್ತೆ ಅಪ್ಪ (ಶನಿವಾರ ಬೆಳಗ್ಗೆ 11:00)

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಸರ್.

ನಾಳೆ ಭಾನುವಾರ ಬೆಳಗ್ಗೆ ಆರೂವರೆಗೆ ಮಹಾರಾಜ ಪಾರ್ಕ್ ಗೇಟ್ ಹತ್ತಿರ ಸೇರೋಣ. ಮಕ್ಕಳು ಹೋಗುವ ದಾರಿ ಹಿಡಿದು ನಡೆಯೋಣ. ಟೇಪು, ಸೀಮೆಸುಣ್ಣ, ಫೋನು ತನ್ನಿ. ಅಂಚು ಇಳಿದಿರುವ ಜಾಗ, ಉದ್ದ ಸರಳಿನ ಜಾಲರಿ, ಸ್ಲ್ಯಾಬು ಇಲ್ಲದ ಚರಂಡಿ ಒಂದೊಂದಕ್ಕೂ ಫೋಟೋ ಮತ್ತು ಅಳತೆ. ಸೈಟ್ ಎಂಜಿನಿಯರ್ ಸರ್, ಎಷ್ಟು ಗ್ರಾವೆಲ್ ಬೇಕು, ಎಷ್ಟು ಖರ್ಚು ಅಂತ ನೀವು ಅಂದಾಜು ಹಾಕಿಕೊಡಿ. ಅರ್ಜಿ ಬರೆಯುವುದು ಕಾನೂನಿನ ಹುಡುಗಿ. ಶಾಂತಿಗ್ರಾಮದವರ ಅಂಡರ್‌ಪಾಸ್ ವಿಷಯಕ್ಕೆ ಬೇರೆ ಅರ್ಜಿ ಬೇಕು, ಅದು ಹೆದ್ದಾರಿಯವರಿಗೆ ಹೋಗಬೇಕು.

ಮಗಳೂ ಬರುತ್ತಾಳೆ. ಹೊಲಿಗೆ ಬಿಚ್ಚಿಲ್ಲ, ಹಾಗಾಗಿ ಬರೆದುಕೊಳ್ಳುವ ಕೆಲಸ ಅವಳದು.

ಜಲ್ಲಿ ಡಾಂಬರು (ಶನಿವಾರ ಬೆಳಗ್ಗೆ 11:25)

ಬರುತ್ತೇನೆ. ಅಂದಾಜು ಸೋಮವಾರದೊಳಗೆ ಕೈಗೆ ಕೊಡುತ್ತೇನೆ.

ಹತ್ತು ಚಕ್ರ (ಶನಿವಾರ ರಾತ್ರಿ 11:50)

ಮಂಗಳೂರಲ್ಲಿ ಲೋಡ್ ಇಳಿಸಿ ಹೊರಟಿದ್ದೇನೆ. ಬೆಳಗ್ಗೆ ಏಳರೊಳಗೆ ಹಾಸನದಲ್ಲಿರುತ್ತೇನೆ. ಖಾಲಿ ಗಾಡಿ. ಪಾರ್ಕಿನ ಹತ್ತಿರ ನಿಲ್ಲಿಸಲು ಆಗಲ್ಲ, ತಣ್ಣೀರುಹಳ್ಳದ ಕಡೆ ಅಗಲ ಜಾಗ ನೋಡಿ ನಿಲ್ಲಿಸುತ್ತೇನೆ. ನಡಿಗೆ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಬನ್ನಿ. ಒಬ್ಬೊಬ್ಬರನ್ನೇ ನನ್ನ ಸೀಟಿನಲ್ಲಿ ಕೂರಿಸುತ್ತೇನೆ, ಎಡಗಡೆ ಬಾಗಿಲ ಪಕ್ಕ ಒಂದು ಸೈಕಲ್ ನಿಲ್ಲಿಸಿ. ಕನ್ನಡಿಯಲ್ಲಿ ಅದು ಕಾಣುತ್ತದಾ ಇಲ್ಲವಾ ಅಂತ ಅವರೇ ನೋಡಲಿ. ನಿಮ್ಮ ಮಗಳನ್ನು ಮೊದಲು ಕೂರಿಸುತ್ತೇನೆ ಅಪ್ಪಾಜಿ, ಮಂಡಿ ನೋವಾಗದ ಹಾಗೆ ಹತ್ತಲು ಒಂದು ಸ್ಟೂಲ್ ತನ್ನಿ.